ಏಣಿ ಹಿಡಿದವಳ ಹೂಂ

ಏಣಿ ಹತ್ತುವವರಿಗಿಂತ ಏಣಿ ಹಿಡಿಯುವವರಿಗೇ ಹೆದರಿಕೆ ಹೆಚ್ಚು. ನಂಬದವರು ಒಮ್ಮೆ ಹಿಡಿದು ನೋಡಲಿ. ಹತ್ತಿದವರಿಗೆ ಕಾಣುವುದು ಮೂಗಿನ ಮುಂದಿನ ಗೋಡೆ ಮಾತ್ರ. ಕೆಳಗೆ ನಿಂತವರಿಗೆ ಎಲ್ಲವೂ ಕಾಣುತ್ತದೆ. ಮೇಲಿನವರ ಹಿಮ್ಮಡಿಯಿಂದ ನೆಲದವರೆಗೆ ಬರೀ ಗಾಳಿ ಇದೆ ಎನ್ನುವುದೂ ಕಾಣುತ್ತದೆ. ಚಿಕ್ಕ ಸೊಸೆಗಂತೂ ಈ ಕೆಲಸ ಶುರುವಾದಾಗಿನಿಂದ ಬೆಳಗಿನ ತಿಂಡಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವಳೂ ದೊಡ್ಡ ಸೊಸೆಯೂ ಓರಗಿತ್ತಿಯರು. ಅಣ್ಣನ ಹೆಂಡತಿ ದೊಡ್ಡ ಸೊಸೆ, ತಮ್ಮನ ಹೆಂಡತಿ ಚಿಕ್ಕ ಸೊಸೆ. ಹಾಗೆ ಕರೆಯುತ್ತಿದ್ದ ಅತ್ತೆ ತೀರಿಕೊಂಡು ಎಷ್ಟೋ ವರ್ಷವಾದರೂ ಬೀದಿಯವರ ಬಾಯಲ್ಲಿ ಅದೇ ಹೆಸರು ಉಳಿದಿತ್ತು. ಇಬ್ಬರೂ ಒಂದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಮಾಲೀಕ ಅಂಗಡಿ ಮುಚ್ಚಿ ಮಗಳ ಮನೆ ಸೇರಿಕೊಂಡ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತ ದೊಡ್ಡ ಸೊಸೆ ಬೀದಿಬೀದಿ ಸುತ್ತಿ ಬಂದಳು. ಮಳೆ ಬಂದಾಗಲೆಲ್ಲ ಮನೆಗಳ ಸೂರಿನಿಂದ ನೀರು ಗೋಡೆಯ ಮೇಲೆಯೇ ಸುರಿಯುವುದನ್ನು ಅವಳು ನೋಡಿದ್ದಳು. ಸೂರಿನಂಚಿಗೆ ನೀರು ಹರಿಯಲೆಂದು ಕೂರಿಸಿದ ತಗಡಿನ ದೋಣಿಗಳಲ್ಲಿ ಒಣಗಿದ ಎಲೆ, ಹಕ್ಕಿಗೂಡು, ಕೆಸರು ತುಂಬಿಕೊಂಡಿದ್ದವು.

"ಆ ದೋಣಿ ಕ್ಲೀನ್ ಮಾಡೋಕೆ ಒಬ್ಬರೂ ಇಲ್ಲ ಕಣೇ. ನಾನು ಹತ್ತುತೀನಿ, ನೀನು ಏಣಿ ಹಿಡ್ಕೋ. ಮಾಡೋಣ್ವಾ?" ಎಂದು ಕೇಳಿದಳು.

"ಹೂಂ ಅಕ್ಕ," ಎಂದಳು ಚಿಕ್ಕ ಸೊಸೆ. ಅಷ್ಟು ಹೇಳುವಷ್ಟರಲ್ಲೇ ಅವಳ ಅಂಗೈ ಬೆವೆತಿತ್ತು.

ಈ 'ಹೂಂ'ಗೂ ಒಂದು ಕಥೆ ಇದೆ. ಮದುವೆಯಾಗಿ ಬಂದ ಹೊಸದರಲ್ಲಿ ಚಿಕ್ಕ ಸೊಸೆ ಅತ್ತೆಯ ನೆರಳು ಕಂಡರೂ ನಡುಗುತ್ತಿದ್ದಳು. ಅತ್ತೆಯದು ಕತ್ತರಿಯಂಥ ನಾಲಿಗೆ. ಆಗ ದೊಡ್ಡ ಸೊಸೆಯೇ ಅವಳನ್ನು ಅಡುಗೆಮನೆಯ ಮೂಲೆಗೆ ಕರೆದು, "ಯಾರು ಏನು ಕೇಳಿದ್ರೂ ಹೂಂ ಅಂದುಬಿಡು. ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದು ಹೇಳಿಕೊಟ್ಟಿದ್ದಳು. ಹೇಳಿದಂತೆ ನೋಡಿಕೊಂಡಳು ಕೂಡ. ಬೈಗುಳ ಬಂದಾಗಲೆಲ್ಲ ಮುಂದೆ ನಿಂತಳು, ತನ್ನದಲ್ಲದ ತಪ್ಪನ್ನೂ ತಲೆಯ ಮೇಲೆ ಹಾಕಿಕೊಂಡಳು. ಅತ್ತೆ ಹೋದರು, ಹೂಂ ಮಾತ್ರ ಹೋಗಲಿಲ್ಲ. ಕೋಲೆಬಸವನಾದರೂ ಆಗೊಮ್ಮೆ ಈಗೊಮ್ಮೆ ತಲೆಯನ್ನು ಅಡ್ಡಡ್ಡ ಆಡಿಸೀತು, ಚಿಕ್ಕ ಸೊಸೆ ಅದನ್ನೂ ಮಾಡಿದವಳಲ್ಲ.

ಏಣಿ ಮಾರಿದ ಹಾರ್ಡ್‌ವೇರ್ ಅಂಗಡಿಯವನು ಏಣಿಯ ಜೊತೆಗೆ ಉಪದೇಶವನ್ನೂ ಧಾರಾಳವಾಗಿ ಕೊಟ್ಟಿದ್ದ. ಏಣಿಯ ಎರಡೂ ಕಾಲು ಗಟ್ಟಿ ನೆಲದ ಮೇಲೇ ಇರಬೇಕು, ತಗ್ಗಿದೆ ಅಂತ ಇಟ್ಟಿಗೆ ಗಿಟ್ಟಿಗೆ ಕೊಡಬಾರದು. ತುದಿಯನ್ನು ಹಗ್ಗದಿಂದ ಕಟ್ಟಬೇಕು. ಹೊಟ್ಟೆ ಏಣಿಯ ಎರಡು ಕಂಬಗಳ ನಡುವೆಯೇ ಇರಬೇಕು, ಕೈಗೆಟುಕದಿದ್ದರೆ ಇಳಿದು ಏಣಿ ಸರಿಸಬೇಕೇ ಹೊರತು ಬಾಗಬಾರದು. "ಬಾಗಿದವರ ಮನೆಗೆ ನಾನು ಹೆಣಕ್ಕೆ ಹಾಕೋ ಹಾರ ತಗೊಂಡು ಹೋಗಿದ್ದೀನಿ ತಾಯಿ," ಎಂದಿದ್ದ. ದೊಡ್ಡ ಸೊಸೆ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಚಿಕ್ಕ ಸೊಸೆಗೆ ಒಂದೊಂದು ಮಾತೂ ಮಗ್ಗಿಯಂತೆ ಬಾಯಿಪಾಠವಾಯಿತು. ಬಾಯಿಪಾಠವಾಗಿ ಏನು ಬಂತು, ಬಾಯಿ ಬಿಡಬೇಕಲ್ಲ!

ಪ್ರತಿ ಮನೆಯಲ್ಲೂ ದೊಡ್ಡ ಸೊಸೆ ಮೊದಲ ಮೆಟ್ಟಿಲಿಗೆ ಕಾಲಿಡುವ ಮುಂಚೆ, "ಸರಿಯಾಗಿ ಕೂತಿದೆಯೇನೇ?" ಎಂದು ಕೇಳುತ್ತಿದ್ದಳು. ಮೇಲೆ ಹೋದ ಮೇಲೂ ನಡುನಡುವೆ ಅದೇ ಪ್ರಶ್ನೆ. ಕೆಳಗಿನಿಂದ ಅದೇ ಉತ್ತರ. ಬೇಕರಿಯ ಹಿತ್ತಲಲ್ಲಿ ನೆಲಕ್ಕೆ ಎಣ್ಣೆ ಚೆಲ್ಲಿತ್ತು. ಹೂಂ ಅಕ್ಕ. ಗ್ಯಾರೇಜಿನ ಬಳಿ ಗಾಳಿಗೆ ಏಣಿ ತೊಟ್ಟಿಲಾಗಿತ್ತು. ಹೂಂ ಅಕ್ಕ. ಒಂದು ಕಡೆ ಏಣಿಯ ಬುಡದ ರಬ್ಬರೇ ಕಿತ್ತು ಕೈಗೆ ಬಂದಿತ್ತು. ಚಿಕ್ಕ ಸೊಸೆ ಅದನ್ನು ಸೀರೆಯ ಮೇಲೆ ತೊಟ್ಟ ಅಂಗಿಯ ಜೇಬಿಗೆ ಹಾಕಿಕೊಂಡು, ಆ ಕಾಲಿನ ಮೇಲೆ ತನ್ನ ಪಾದವನ್ನೇ ಒತ್ತಿ ನಿಂತು, ಹೂಂ ಅಕ್ಕ ಎಂದಿದ್ದಳು. ಆಮೇಲೆ ಯಾರಿಗೂ ಕಾಣದಂತೆ ರಬ್ಬರನ್ನು ಗುದ್ದಿ ಕೂರಿಸಿದಳು. ಅಕ್ಕನಿಗೆ ಹೆದರಿಕೆ ಎಂದರೇನೆಂದೇ ಗೊತ್ತಿಲ್ಲ, ನಾನು ಸುಮ್ಮನೆ ಪುಕ್ಕಲು, ಅಡ್ಡ ಮಾತಾಡಿ ಹತ್ತುವವರ ಧೈರ್ಯವನ್ನೂ ಕೆಡಿಸುವುದು ಯಾಕೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಹಲ್ಲಿನ ಡಾಕ್ಟರ ಮನೆಯ ಕೆಲಸ ಸಿಕ್ಕಿದ್ದು ಹೀಗೆ ನಾಲ್ಕಾರು ಮನೆ ಮುಗಿಸಿ ಹೆಸರು ಬಂದ ಮೇಲೆ. ಎತ್ತರದ ಮನೆ. ಡಾಕ್ಟರು ಗೇಟು ತೆಗೆದಿಟ್ಟು ಕ್ಲಿನಿಕ್ಕಿಗೆ ಹೋಗಿದ್ದರು. ಮುಂಭಾಗ, ಪಕ್ಕದ ಓಣಿ, ಎಲ್ಲ ಸುಸೂತ್ರವಾಗಿ ಮುಗಿಯಿತು. ಉಳಿದದ್ದು ಹಿಂದಿನ ಮೂಲೆ. ದೋಣಿಯ ನೀರು ಕೊಳವೆಗೆ ಇಳಿಯುವ ಜಾಗ ಅದು, ಕಸವೆಲ್ಲ ಅಲ್ಲೇ ಗಂಟು ಕಟ್ಟಿತ್ತು. ಅಲ್ಲಿಗೆ ಬಂದಾಗ ಓಣಿಯ ಕಲ್ಲುಹಾಸು ಮುಗಿದು ಹೂವಿನ ಪಾತಿ ಶುರುವಾಗಿತ್ತು. ಬೆಳಿಗ್ಗೆ ತಾನೇ ನೀರು ಹಾಯಿಸಿದ್ದ ಮಣ್ಣು ಕಪ್ಪಗೆ ಮಿನುಗುತ್ತಿತ್ತು.

ಏಣಿಯ ಬಲಗಾಲು ಕಲ್ಲಿನ ಮೇಲೆ ಕೂತಿತು, ಎಡಗಾಲು ಪಾತಿಯ ಮೇಲೆ ತೂಗಾಡಿತು. ದೊಡ್ಡ ಸೊಸೆ ಪಾತಿಯ ಅಂಚಿನಿಂದ ಒಂದು ಇಟ್ಟಿಗೆ ಕಿತ್ತು ತಂದು ಅದರ ಕೆಳಗೆ ಕೊಟ್ಟಳು. ಹಗ್ಗ ಕಟ್ಟೋದೇ ದೊಡ್ಡ ಕೆಲಸ, ಒಂದು ಹಿಡಿ ಕಸಕ್ಕೆ ಅದೆಲ್ಲ ಯಾಕೆ ಎಂದು ತಾನೇ ಗೊಣಗಿಕೊಂಡಳು. ಚಿಕ್ಕ ಸೊಸೆ ಏಣಿ ಹಿಡಿದಳು. ಇಟ್ಟಿಗೆ ಸಡಿಲ ಹಲ್ಲಿನಂತೆ ಅಲುಗಾಡಿತು.

"ಸರಿಯಾಗಿ ಕೂತಿದೆಯೇನೇ?"

ಬೇಡ ಅಕ್ಕ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲಿಂದಾಚೆಗೆ ಅದಕ್ಕೆ ದಾರಿ ಗೊತ್ತಿರಲಿಲ್ಲ. "ಹೂಂ ಅಕ್ಕ."

ದೊಡ್ಡ ಸೊಸೆ ಬಕೆಟ್ಟು ತಗುಲಿಸಿಕೊಂಡು ಹತ್ತಿದಳು. ಮೇಲಿನಿಂದ ಕೆಸರು ಬಕೆಟ್ಟಿಗೆ ಬೀಳುವ ಸದ್ದು ಕೇಳಿಸಿತು. ಕೊಳವೆಯ ಬಾಯಿ ಅವಳ ಎಡಕ್ಕಿತ್ತು, ಕೈಗೆ ಸ್ವಲ್ಪದರಲ್ಲೇ ಎಟುಕುತ್ತಿರಲಿಲ್ಲ. ಅವಳು ಬಾಗಿದಳು. ಇನ್ನಷ್ಟು ಬಾಗಿದಳು. ಚಿಕ್ಕ ಸೊಸೆಯ ಕಣ್ಣು ಇಟ್ಟಿಗೆಯ ಮೇಲೇ ನೆಟ್ಟಿತ್ತು. ಇಟ್ಟಿಗೆಯ ಒಂದು ಅಂಚು ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಮಣ್ಣಿನಲ್ಲಿ ಮುಳುಗತೊಡಗಿತು.

"ಇನ್ನೊಂಚೂರು ಬಾಗ್ತೀನಿ. ಗಟ್ಟಿಯಾಗಿದೆ ತಾನೆ?"

ಆ ಸಲ ಹೂಂ ಕೂಡ ಹೊರಡಲಿಲ್ಲ. ಅಷ್ಟರಲ್ಲಿ ಇಟ್ಟಿಗೆ ಮಗುಚಿತು.

ತಗಡಿನ ಮೇಲೆ ಅಲ್ಯೂಮಿನಿಯಂ ಉಜ್ಜಿದ ಸದ್ದಿಗೆ ಹಲ್ಲೆಲ್ಲ ಜುಮ್ಮೆಂದವು. ಏಣಿಯ ತುದಿ ದೋಣಿಯ ಅಂಚಿನ ಮೇಲೆ ಎಡಕ್ಕೆ ಜಾರುತ್ತ ಹೋಗಿ, ಕೊಳವೆಯ ಕೊಂಡಿಗೆ ತಾಕಿ ನಿಂತಿತು. ಬಕೆಟ್ಟು ಚಿಕ್ಕ ಸೊಸೆಯ ಭುಜಕ್ಕೆ ಬಡಿದು ಉರುಳಿತು. ಮೈತುಂಬ ಕೊಳೆತ ಎಲೆ. ಅವಳಿಗೆ ನೋವು ತಿಳಿಯಲಿಲ್ಲ. ಏಣಿಯನ್ನು ತಬ್ಬಿಕೊಂಡು, ಕೆಳಗಿನ ಮೆಟ್ಟಿಲ ಮೇಲೆ ಮಂಡಿ ಊರಿ, ಭುಜವನ್ನು ಕಂಬಕ್ಕೆ ಒತ್ತಿ ನಿಂತಿದ್ದಳು. ಮೇಲೆ ದೊಡ್ಡ ಸೊಸೆ ಒಂದು ಕೈಯಿಂದ ದೋಣಿಗೆ, ಇನ್ನೊಂದರಿಂದ ಏಣಿಗೆ ನೇತುಬಿದ್ದಂತೆ ಅಂಟಿಕೊಂಡಿದ್ದಳು. ಅವಳ ಒಂದು ಕಾಲು ಮೆಟ್ಟಿಲು ತಪ್ಪಿ ಗಾಳಿಯಲ್ಲಿ ತಡಕಾಡುತ್ತಿತ್ತು.

ಹಿತ್ತಲ ಸುತ್ತ ನರಪಿಳ್ಳೆಯ ಸುಳಿವಿರಲಿಲ್ಲ. ಓಡಿ ಹೋಗಿ ಯಾರನ್ನಾದರೂ ಕರೆಯೋಣವೆಂದರೆ ಏಣಿ ಬಿಡಬೇಕು. ಏಣಿ ಬಿಟ್ಟರೆ ಅಕ್ಕ ಇರುವುದಿಲ್ಲ. ಇಷ್ಟು ಸ್ಪಷ್ಟವಾದ ಮಾತು ಹಿಂದೆಂದಾದರೂ ಚಿಕ್ಕ ಸೊಸೆಯ ತಲೆಯಲ್ಲಿ ಹುಟ್ಟಿದ್ದು ಅವಳಿಗೇ ನೆನಪಿಲ್ಲ.

"ಸರಿ... ಸರಿಯಾಗಿದೆಯೇನೇ?" ಮೇಲಿನಿಂದ ಬಂದ ಧ್ವನಿ ಅಕ್ಕನದೆಂದು ಗುರುತೇ ಸಿಗಲಿಲ್ಲ, ಅಷ್ಟು ಸಣ್ಣಗಿತ್ತು.

"ಇಲ್ಲ!" ಎಂದು ಚಿಕ್ಕ ಸೊಸೆ ಕೂಗಿದಳು. "ಸರಿಯಾಗಿಲ್ಲ ಅಕ್ಕ! ಎಡಗಾಲು ಮಣ್ಣಲ್ಲಿ ಹೂತುಹೋಗಿದೆ. ಎಡಗಡೆ ಒಂಚೂರೂ ವಾಲಬೇಡಿ."

ಮೇಲಿನ ಕಾಲು ಇನ್ನೂ ಗಾಳಿಯಲ್ಲೇ ತಡಕಾಡುತ್ತಿತ್ತು.

"ಕೇಳ್ತಾ ಅಕ್ಕ? ಬಲಗಡೆ ಗಟ್ಟಿ ಇದೆ. ಮೈಯೆಲ್ಲ ಬಲಗಡೆಗೆ ಹಾಕಿ. ದೋಣಿ ಬಿಡಿ."

"ಬಿಡೋಕಾಗಲ್ಲ ಕಣೇ."

"ಬಿಡಲೇಬೇಕು! ಅದು ಕಿತ್ತು ಬರುತ್ತೆ, ಮೊಳೆ ಏಳ್ತಾ ಇರೋದು ನನಗೆ ಕಾಣ್ತಾ ಇದೆ. ಏಣಿ ಹಿಡ್ಕೋ. ಎರಡೂ ಕೈಲಿ. ಈಗ ಕಾಲು ಕೆಳಗೆ... ಅಲ್ಲ, ಇನ್ನೂ ಬಲಕ್ಕೆ... ಅಲ್ಲಲ್ಲ, ಇನ್ನೂ! ಹಾಂ, ಸಿಕ್ತು. ಅಲ್ಲೇ ಇರು."

ಬಹುವಚನ ಬಿಟ್ಟು ಯಾವಾಗ 'ಹಿಡ್ಕೋ', 'ಇರು' ಎಂದಳೋ ಅವಳಿಗೂ ತಿಳಿಯಲಿಲ್ಲ, ಕೇಳಿದವಳಿಗೂ ತಿಳಿಯಲಿಲ್ಲ. ಒಂದೊಂದು ಮೆಟ್ಟಿಲಿಗೂ ಏಣಿ ಕಿರುಗುಟ್ಟಿತು. ಈಗ ಬೇಡ, ನಿಲ್ಲಿ, ಏಣಿ ಸರೀತಾ ಇದೆ ಎಂದಳು. ಈಗ ಇಳೀರಿ ಎಂದಳು. ಕಂಡದ್ದನ್ನು ಕಂಡಂತೆ ಹೇಳಿದಳು. ಕೊನೆಗೆ ಅಕ್ಕನ ಹಿಮ್ಮಡಿ ಅವಳ ಕೈಗೆ ಎಟುಕಿತು. ಅದು ಮಂಜುಗಡ್ಡೆಯಂತೆ ತಣ್ಣಗಿತ್ತು, ಗಡಗಡ ನಡುಗುತ್ತಿತ್ತು.

ನೆಲ ಮುಟ್ಟಿದ ದೊಡ್ಡ ಸೊಸೆ ಹೂವಿನ ಗಿಡಗಳ ಮೇಲೆಯೇ ಕುಸಿದು ಕೂತಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ದೊಣ್ಣೆ ತಪ್ಪಿಸಿಕೊಂಡವರ ಮುಖ ನೋಡಿದವರು ಹಾಗೆ ಹೇಳಲಾರರು. ಆಮೇಲೆ ದೊಡ್ಡ ಸೊಸೆ ಮಗುಚಿಬಿದ್ದ ಇಟ್ಟಿಗೆಯನ್ನು ನೋಡಿದಳು.

"ಇದು ಅಲುಗಾಡ್ತಿದ್ದದ್ದು ನಿನಗೆ ಗೊತ್ತಿತ್ತಾ?"

ಸುಳ್ಳು ಹೇಳುವ ದಾರಿ ಇತ್ತು. ಚಿಕ್ಕ ಸೊಸೆ ತಲೆ ತಗ್ಗಿಸಿ, "ಹೂಂ," ಎಂದಳು.

"ನಾನು ಹತ್ತೋಕೆ ಮುಂಚೆಯೇ?"

"ಹೂಂ."

ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದು ಅವಳು ಕಾದಳು. ಹೊಡೆದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ದೊಡ್ಡ ಸೊಸೆ ಕೆಸರುಗೈಯಲ್ಲೇ ಮುಖ ಒರೆಸಿಕೊಂಡು, "ನನಗೆ ಏಣಿ ಅಂದ್ರೆ ಪ್ರಾಣಭಯ ಕಣೇ," ಎಂದಳು. "ಮೊದಲನೇ ದಿನದಿಂದಲೂ. ಮೂರನೇ ಮೆಟ್ಟಿಲಿಗೇ ಕಾಲು ಬತ್ತಿ ಹಾಗೆ ಮೆತ್ತಗಾಗುತ್ತೆ. ಅದಕ್ಕೇ ಅಷ್ಟು ಸಲ ಕೇಳೋದು. ನೀನು ಕೆಳಗಿಂದ ಎಲ್ಲ ನೋಡ್ತಿದ್ದೀಯಲ್ಲ, ನೀನು ಹೂಂ ಅಂದ್ಯಲ್ಲ ಅಂತ ಇನ್ನೊಂದು ಮೆಟ್ಟಿಲು ಹತ್ತುತಿದ್ದೆ. ಆ ಹೂಂ ಹಿಡ್ಕೊಂಡೇ ಹತ್ತಿದ್ದು ನಾನು, ಏಣಿ ಹಿಡ್ಕೊಂಡಲ್ಲ."

ಚಿಕ್ಕ ಸೊಸೆಗೆ ಬೇಕರಿಯ ಎಣ್ಣೆ ನೆನಪಾಯಿತು. ಗ್ಯಾರೇಜಿನ ಗಾಳಿ, ಜೇಬಿನಲ್ಲಿದ್ದ ರಬ್ಬರು ಎಲ್ಲ ನೆನಪಾದವು. ಅಷ್ಟೂ ಮನೆಗಳಿಂದ ಅಕ್ಕ ಒಂದೊಂದಾಗಿ ಬೀಳುವುದು ಕಣ್ಣಿಗೆ ಕಟ್ಟಿತು. ಇಷ್ಟು ದಿನ ತಾನು ಹೆದರಿದ್ದೇ ಕಡಿಮೆಯಾಯಿತೆಂದು ಅವಳಿಗೆ ಅನ್ನಿಸಿತು. ಮಗುಚಿದ ಇಟ್ಟಿಗೆಯನ್ನು ಎತ್ತಿ ಪಾತಿಯ ಅಂಚಿಗೆ ಮತ್ತೆ ಕೂರಿಸಿದಳು.

ಮೂಲೆಯ ಕಸ ಅಲ್ಲೇ ಉಳಿಯಿತು. ಡಾಕ್ಟರಿಗೆ ಫೋನ್ ಮಾಡಿದವಳು ಚಿಕ್ಕ ಸೊಸೆಯೇ. ದೋಣಿಯ ಮೊಳೆ ಎದ್ದಿದೆ, ನಾವೇ ರಿಪೇರಿ ಮಾಡಿಸಿಕೊಡ್ತೀವಿ, ಇವತ್ತು ಮಾತ್ರ ಆಗಲ್ಲ ಎಂದಳು. ಮನೆ ಹತ್ತಿರವೇ ಇತ್ತು. ಏಣಿಯ ಮುಂದಿನ ತುದಿ ದೊಡ್ಡ ಸೊಸೆಯ ಭುಜದ ಮೇಲೆ, ಹಿಂದಿನದು ಚಿಕ್ಕ ಸೊಸೆಯ ಭುಜದ ಮೇಲೆ. ಬಕೆಟ್ಟು ಬಡಿದ ಜಾಗ ಈಗ ಉರಿಯತೊಡಗಿತ್ತು. ಬೀದಿಯಲ್ಲಿ ಎಂದಿನಂತೆ ಜನ, ಸೈಕಲ್ಲು, ತರಕಾರಿ ಗಾಡಿ. ಯಾರಿಗೂ ಏನೂ ಆಗಿರಲಿಲ್ಲ.

ತಿರುವಿನ ಬಳಿ ದೊಡ್ಡ ಸೊಸೆ ಗಕ್ಕನೆ ನಿಂತಳು. ಹಿಂತಿರುಗಿ ನೋಡಲಿಲ್ಲ. ಮೆಟ್ಟಿಲುಗಳಾಚೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

"ಒಂದು ಮಾತು ಕೇಳ್ತೀನಿ. ಏಣಿ ವಿಷಯ ಬಿಡು. ಮನೇಲಿ, ಮಕ್ಕಳ ವಿಷಯದಲ್ಲಿ, ನಾನು ಇಷ್ಟು ವರ್ಷ ನಿನ್ನ ಕೇಳಿ ಕೇಳಿ ಮಾಡಿದ್ನಲ್ಲ... ಅದರಲ್ಲಿ ಇನ್ನೂ ಯಾವ್ಯಾವುದಕ್ಕೆ ಹೀಗೆ ಹೂಂ ಅಂದಿದ್ದೀಯ?"

ಡಾಕ್ಟರ ಹಿತ್ತಲಲ್ಲಿ ಇಟ್ಟಿಗೆ ಮುಳುಗುವಾಗ ಚಿಕ್ಕ ಸೊಸೆಗೆ ಆದ ಭಯ ಇದರ ಮುಂದೆ ಏನೂ ಅಲ್ಲ. ಏನಿಲ್ಲ ಅಕ್ಕ, ನಡೀರಿ ಎಂದರೆ ಮುಗಿದೇ ಹೋಗುತ್ತಿತ್ತು. ಅಕ್ಕನೂ ಅದನ್ನೇ ಕಾಯುತ್ತಿದ್ದಾಳೆಂದು ಆ ಬೆನ್ನೇ ಹೇಳುತ್ತಿತ್ತು. ತರಕಾರಿ ಗಾಡಿಯವನು ದಾರಿ ಬಿಡಿ ಎಂದು ಎರಡು ಸಲ ಕೂಗಿದ.

"ಏಣಿ ಕೆಳಗಿಡೋಣ ಅಕ್ಕ," ಎಂದಳು ಚಿಕ್ಕ ಸೊಸೆ. "ಹೇಳಿ ಮುಗಿಸೋಕೆ ಹೊತ್ತಾಗುತ್ತೆ."