ಕೊಟ್ಟ ಜಾಗ

ಹಾರೆಯ ಸದ್ದು ಹೊಲದ ಕಡೆಯಿಂದ ಬರಬೇಕಿತ್ತು. ಬಂದದ್ದು ಶಾಲೆಯ ಕಡೆಯಿಂದ. ಸತ್ತ ಗಂಡ ತಿಮ್ಮಯ್ಯನ ತಲೆದೆಸೆಯಲ್ಲಿ ಕೂತು ದೀಪಕ್ಕೆ ಎಣ್ಣೆ ಬಿಡುತ್ತಿದ್ದ ಮಾಯಮ್ಮ ಕೈ ತಡೆದು ಕಿವಿಗೊಟ್ಟಳು. ಹಾರೆ ಮತ್ತೆ ಬಿತ್ತು. ಅನುಮಾನವೇ ಇಲ್ಲ, ಹುಣಸೆಮರದ ಹತ್ತಿರ.

"ಗುಣಿ ಎಲ್ಲಿ ತೋಡ್ತಾವ್ರೆ?" ಎಂದು ಕೇಳಿದಳು.

ಪಕ್ಕದಲ್ಲಿ ವೀಳ್ಯದೆಲೆ ಜೋಡಿಸುತ್ತ ಕೂತಿದ್ದವನು ದೊಡ್ಡಮುನಿಯಪ್ಪ. ತಿಮ್ಮಯ್ಯನಿಗೆ ದೊಡ್ಡಪ್ಪನ ಮಗ. ಊರಿನ ಸಾವುಗಳಿಗೆಲ್ಲ ಶಾಸ್ತ್ರ ಹೇಳುವವನು. ತಲೆಯೆತ್ತದೆ ಹೇಳಿದ: "ಇಸ್ಕೂಲ್ ಜಾಗದಲ್ಲಿ. ನಿನ್ ಮಗನೇ ಗುರ್ತು ಮಾಡಿ ಕೊಟ್ಟ. ತಿಮ್ಮಯ್ಯನೂ ಅಲ್ಲೇ ಮಣ್ಣು ಮಾಡಿ ಅಂತಿದ್ನಲ್ಲ."

ಅದು ಸುಳ್ಳಲ್ಲ. ಎದೆನೋವು ಶುರುವಾದ ಮೇಲೆ ತಿಮ್ಮಯ್ಯ ಅದನ್ನು ಕಂಡಕಂಡವರಿಗೆಲ್ಲ ಹೇಳಿದ್ದ. "ನಮ್ ಹುಣಸೆಮರದ ಬುಡದಲ್ಲೇ ಮಲಗ್ಸಿ ಕಣ್ರಪ್ಪ. ಇಸ್ಕೂಲ್ ಕಾಯ್ಕಂಡು ಇರ್ತೀನಿ." ಬದುಕಿರುವಾಗ ಸಂಬಳವಿಲ್ಲದೆ ಕಾವಲು ಕಾದವನು ಸತ್ತ ಮೇಲೂ ಡ್ಯೂಟಿ ಬಿಡುವುದಿಲ್ಲವಲ್ಲ ಎಂದು ಜನ ನಕ್ಕಿದ್ದರು. ಮಾಯಮ್ಮನೂ ನಕ್ಕಿದ್ದಳು. ಈಗ ಹಾರೆಯ ಸದ್ದು ಕೇಳುವಾಗ ಮಾತ್ರ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅದು ಏನೆಂದು ಗೊತ್ತಾದದ್ದು ಹೆಡ್ ಮೇಡಂ ಲತಾಮಣಿ ಬಂದ ಮೇಲೆ.

ಲತಾಮಣಿ ಭಾನುವಾರವಾದರೂ ಸುದ್ದಿ ತಿಳಿದ ಕೂಡಲೇ ರಾಮನಗರದಿಂದ ಬಸ್ಸು ಹಿಡಿದು ಬಂದಿದ್ದಳು. ತಂದ ಹಾರವನ್ನು ತಿಮ್ಮಯ್ಯನ ಎದೆಯ ಮೇಲಿಟ್ಟಳು. ಆಮೇಲೆ ಮಾಯಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಸೆರಗಿನ ತುದಿಯನ್ನು ತಿರುಚತೊಡಗಿದಳು.

"ಇಂಥಾ ಹೊತ್ತಲ್ಲಿ ಹೇಳಬಾರದು ಮಾಯಮ್ಮನೋರೆ. ದಾರೀಲಿ ಬರುವಾಗ ಗುಂಡಿ ನೋಡಿದೆ. ಎರಡು ರೂಮಿಗೆ ದುಡ್ಡು ಬಂದಿದೆ. ಆದ್ರೆ ಬಾಯಿಮಾತಲ್ಲಿ ಕೊಟ್ಟ ಜಾಗ ಇಲಾಖೆ ಹೆಸರಿಗೆ ಆಗಲೇಬೇಕು ಅಂತ ಆರ್ಡರ್. ಮಂಗಳವಾರ ಯಜಮಾನರು ಬಂದು ಸೈನ್ ಮಾಡೋದಿತ್ತು. ಆಗದೆ ಇದ್ರೆ ದುಡ್ಡು ವಾಪಸ್ಸು, ಮಕ್ಕಳೆಲ್ಲ ಹೋಬಳಿಯ ದೊಡ್ಡ ಶಾಲೆಗೆ."

"ಈಗ ಅವ್ರೇ ಇಲ್ವಲ್ಲ."

"ನೀವು, ನಿಮ್ಮ ಮಗ ಸೈನ್ ಮಾಡಬೋದು. ಅದು ಆಮೇಲಿನ ಮಾತು. ಒಂದ್ಸಲ ಅಲ್ಲಿ ಸಮಾಧಿ ಆಗ್ಬಿಟ್ರೆ ಆ ಮಾತೇ ಇರಲ್ಲ. ಸಮಾಧಿ ಇರೋ ಜಾಗಾನ ಯಾರು ಬರೆಸ್ಕೋತಾರೆ? ಮಕ್ಕಳನ್ನ ತಾನೇ ಯಾರು ಕಳಿಸ್ತಾರೆ?"

ಮಾಯಮ್ಮನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಿರೀಕರ ಸಮಾಧಿ ಇರುವ ನೆಲ ಮನೆತನದ ನೆಲ. ಅದನ್ನು ಮಾರುವುದಿಲ್ಲ, ಕೊಡುವುದಿಲ್ಲ, ವರ್ಷಕ್ಕೊಮ್ಮೆ ಎಡೆ ಇಟ್ಟು ಬರುತ್ತಾರೆ. ಕಾಯುತ್ತೇನೆಂದು ತಾನು ಅಲ್ಲಿ ಮಲಗಿದರೆ ಶಾಲೆಯೇ ಎದ್ದು ಹೋಗುತ್ತದೆ ಎಂಬುದು ತಿಮ್ಮಯ್ಯನಿಗೆ ಹೊಳೆದಿರಲಿಲ್ಲ. ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು. ಹೆಣದ ಮುಂದೆ ಕೂತು ಸಿಟ್ಟಾಗಬಾರದು ಎನ್ನುತ್ತಾರೆ. ಬಂದ ಸಿಟ್ಟನ್ನು ಏನು ಮಾಡುವುದು?

* * *

ಆ ಜಾಗ ಕೊಟ್ಟಾಗಲೂ ಅವಳಿಗೆ ಹೀಗೆಯೇ ಸಿಟ್ಟು ಬಂದಿತ್ತು.

ತಿಮ್ಮಯ್ಯ ದಾನಿಯಾಗಲು ಹುಟ್ಟಿದವನಲ್ಲ. ಬೀಡಿಯನ್ನು ಅರ್ಧಕ್ಕೆ ಆರಿಸಿ ಕಿವಿಯ ಮೇಲಿಟ್ಟುಕೊಳ್ಳುವ ಪೈಕಿ. ಅರಳಿಕಟ್ಟೆಯ ಮೀಟಿಂಗಿಗೆ ಹೋದದ್ದು ಅಲ್ಲಿ ಕಾಫಿ ಕೊಡುತ್ತಾರೆಂದು. ಸಾಹೇಬರು ಬಂದು, ಶಾಲೆ ಮಂಜೂರಾಗಿದೆ, ಜಾಗ ಯಾರು ಕೊಡ್ತೀರಿ ಎಂದಾಗ ಊರಿಗೆ ಊರೇ ನೆಲ ನೋಡಿತು. ಪಕ್ಕದ ಊರಿನವನೊಬ್ಬ ಮೀಸೆಯಡಿ ನಕ್ಕು, "ಈ ಊರಲ್ಲಿ ಕೊಡೋ ಕೈ ಎಲ್ಲೈತೆ ಬುಡಿ ಸಾರ್, ನಮ್ಮೂರಿಗೇ ಹಾಕಿ" ಎಂದ. ಅಷ್ಟೇ. ಜನ್ಮದಲ್ಲಿ ಮೀಟಿಂಗಿನಲ್ಲಿ ಬಾಯಿ ಬಿಡದ ತಿಮ್ಮಯ್ಯ ಕಾಫಿಲೋಟ ಹಿಡಿದೇ ಎದ್ದು ನಿಂತು, "ನಮ್ ಹುಣಸೆಮರದ ಜಾಗ ತಕ್ಕಳಿ" ಎಂದುಬಿಟ್ಟ. ಕೂರುವಷ್ಟರಲ್ಲಿ ಕೊರಳಿಗೆ ಹಾರ ಬಿದ್ದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ಜಾಗದಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕಬೇಕೆಂದು ಮಾಯಮ್ಮ ಲೆಕ್ಕ ಹಾಕಿಕೊಂಡಿದ್ದಳು. ಹಾರ ಹಾಕಿಕೊಂಡು ಬಂದವನಿಗೆ ಮುದ್ದೆ ಇಕ್ಕಿದಳು. ಮುದ್ದೆ ತಟ್ಟೆಗೆ ಬಿದ್ದ ಸದ್ದಿಗೆ ಕೊಟ್ಟಿಗೆಯ ಎಮ್ಮೆ ತಿರುಗಿ ನೋಡಿತು. "ಒಂದು ಮಾತ್ನಲ್ಲಿ ಹೋಯ್ತಲ್ಲಯ್ಯ ನಿನ್ ಜಂಬಕ್ಕೆ" ಎಂದು ಆಮೇಲೆ ಅತ್ತಳು. ತಿಮ್ಮಯ್ಯನಿಗೂ ಒಳಗೊಳಗೇ ಸಂಕಟವಾಗಿತ್ತು. ಆದರೆ ಸಂಕಟವನ್ನು ಒಪ್ಪಿಕೊಂಡರೆ ಹಾರದ ಗತಿಯೇನು?

ಮರದಲ್ಲಿ ಹುಣಸೆ ಹಣ್ಣಾದ ಕಾಲಕ್ಕೆ ಅವಳು ಚೀಲ ಕೊಟ್ಟು, ಬಡಿದುಕೊಂಡು ಬಾ ಎಂದಳು.

"ಕೊಟ್ಟ ಮೇಲೆ ಕೊಟ್ಟಂಗೆ," ಎಂದ ತಿಮ್ಮಯ್ಯ. "ಬೇಕಾದ್ರೆ ಇಸ್ಕೂಲವ್ರನ್ನ ಕೇಳು."

"ನಮ್ಮಪ್ಪನ ಮನೆಯಿಂದ ಬಂದ್ ಸಸಿ ಅದು. ನಾನ್ಯಾಕ್ ಕೇಳ್ಲಿ?"

ಅವಳು ಕೇಳಲಿಲ್ಲ. ಆವತ್ತಿನಿಂದ ಶಾಲೆಯ ಗೇಟಿನೊಳಗೆ ಕಾಲೂ ಇಡಲಿಲ್ಲ. ಸ್ವಂತ ಮರವಿದ್ದೂ ಅಂಗಡಿಯ ಹುಣಸೆಹಣ್ಣು ತಂದು ಸಾರು ಮಾಡಿದಳು. ಮರದ ಹಣ್ಣೆಲ್ಲ ಬಿಸಿಯೂಟದ ಸಾಂಬಾರಿಗೆ ಹೋಯಿತು. ಆ ಸಾಂಬಾರು ಉಂಡೇ ಮಗ ನಟರಾಜು ಬೆಳೆದ.

* * *

"ನೀವೇನು ಮೇಡಂ, ಅವ್ವನ ತಲೆ ತುಂಬ್ತಾ ಇದ್ದೀರಾ?"

ನಟರಾಜು ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಬಂದು ನಿಂತಿದ್ದ. ಡೈರಿಯಲ್ಲಿ ಹಾಲು ಅಳೆಯುವವನು, ಯಾರೊಂದಿಗೂ ಜೋರಾಗಿ ಮಾತಾಡಿದವನಲ್ಲ. ಇವತ್ತು ಅವನ ದನಿ ಏರಿತ್ತು.

"ನಟರಾಜು, ಗುಣಿ ಹೊಲದಲ್ಲಿ ತೋಡ್ಸು ಮಗ," ಎಂದಳು ಮಾಯಮ್ಮ. "ನಿಮ್ ತಾತನ ಪಕ್ಕದಲ್ಲಿ."

"ಅಪ್ಪನ ಆಸೆ ಮೀರ್ತೀಯಾ?" ಅವನು ಎಲ್ಲರಿಗೂ ಕೇಳುವಂತೆ ಕೇಳಿದ. "ಸಾಯೋ ಮುಂಚೆ ನಾಕ್ ಜನದ ಮುಂದೆ ಹೇಳವ್ರೆ. ಇನ್ನು ಇಸ್ಕೂಲು ಯಾರಿಗೆ ಹೇಳು? ನನ್ ಮಗಳೇ ವ್ಯಾನಲ್ಲಿ ರಾಮನಗರಕ್ಕೆ ಹೋಯ್ತಾಳೆ. ನಾಳೆ ರೋಡ್ ಅಗಲ ಆದ್ರೆ ನಮ್ಗೂ ಒಂದ್ ಅಂಗಡಿ ಹಾಕೋಕೆ ಜಾಗ ಬ್ಯಾಡ್ವಾ?"

ಅಂಗಡಿಯ ಮಾತು ಬಾಯಿ ಜಾರಿ ಬಂದದ್ದು. ಅವನೇ ತುಟಿ ಕಚ್ಚಿಕೊಂಡ. ಆದರೆ ಜನ ಹಿಡಿದುಕೊಂಡದ್ದು ಅಂಗಡಿಯನ್ನಲ್ಲ, ಶಾಲೆಯನ್ನು. ಸಾವಿನ ಮನೆಯಲ್ಲಿ ಹೊತ್ತು ಹೋಗಲು ಒಂದು ಮಾತು ಬೇಕು.

"ಮುಚ್ಲಿ ಬುಡಿ," ಎಂದನೊಬ್ಬ. "ದೊಡ್ಡ ಇಸ್ಕೂಲಲ್ಲಿ ಕಂಪ್ಯೂಟ್ರು, ಇಂಗ್ಲಿಷು ಎಲ್ಲ ಐತಂತೆ. ಬಸ್ಸೂ ಕಳಿಸ್ತಾರಂತೆ."

"ಒಸಿ ಮಳೆ ಬಿದ್ರೆ ಇರೋ ಬಸ್ಸೇ ಬರಲ್ಲ, ಇನ್ನು ಇಸ್ಕೂಲ್ ಬಸ್ಸು ಬತ್ತದಾ?" ಎಂದ ಮಾಯಮ್ಮನ ತಂಗಿಯ ಮಗ ಲೋಕೇಶ. "ಮೇಷ್ಟ್ರು ಕೊಡಲ್ಲ, ರೂಮು ಕೊಡಲ್ಲ, ಆಮೇಲೆ ಮಕ್ಕಳು ಬರಲ್ಲ ಅಂತ ಮುಚ್ತಾರೆ. ಹಸೂಗೆ ಹುಲ್ಲು ಹಾಕ್ದೆ ಹಾಲಿಲ್ಲ ಅಂತ ಸಂತೆಗೆ ಹೊಡದಂಗಾಯ್ತು."

"ಈಗ ದುಡ್ಡು ಕೊಟ್ಟವ್ರಲ್ಲ, ಏನ್ಲಾ?"

"ಕೊಟ್ಟವ್ರೆ. ಇಸ್ಕಳೋಕೆ ನಾವೇ ಬುಡ್ತಿಲ್ವಲ್ಲ."

ನಟರಾಜು ಲೋಕೇಶನನ್ನು ದುರುಗುಟ್ಟಿ ನೋಡಿದ. ದೊಡ್ಡಮುನಿಯಪ್ಪ ಎಲೆಯ ತೊಟ್ಟು ಮುರಿಯುತ್ತ, "ಸತ್ತೋನ ಆಸೆ ದೊಡ್ಡದು. ಇನ್ನ ಮಾತು ಸಾಕು," ಎಂದು ತೀರ್ಪು ಕೊಟ್ಟ. ಲತಾಮಣಿ ಎದ್ದು ಹೊರಗೆ ಹೋದಳು. ನಟರಾಜು ಚಟ್ಟದ ಬಿದಿರು ನೋಡಲು ಅತ್ತ ಹೋದಾಗ ಮಾಯಮ್ಮ ಲೋಕೇಶನನ್ನು ಕಣ್ಣಲ್ಲೇ ಕರೆದಳು.

"ಇನ್ನಿಬ್ಬರ್ನ ಕರ್ಕಂಡು ಹೊಲಕ್ಕೆ ಹೋಗು. ನಮ್ ಮಾವನ ಸಮಾಧಿ ಪಕ್ಕದಲ್ಲಿ ಗುಣಿ ತೋಡು."

"ಅಲ್ಲೊಂದು ತೋಡವ್ರಲ್ಲ ದೊಡ್ಡವ್ವ."

"ಅದು ನಂಗಿರ್ಲಿ. ನೀ ಹೋಗು."

* * *

ಮಾಯಮ್ಮ ಗಂಡನನ್ನು ಸಾವಿರ ಸಲ ಕಂಡಿದ್ದು ಶಾಲೆಯ ಗೇಟಿನಾಚೆ, ಬೆನ್ನ ಕಡೆಯಿಂದ.

ಸಂಜೆ ಹೊಲದಿಂದ ಬರುವಾಗ ತಿಮ್ಮಯ್ಯ ಗೇಟಿನ ಹೊರಗೆ ನಿಂತು ಕೇಳುತ್ತಿದ್ದ: "ಮೇಡಂ, ಒಸಿ ಒಳಿಕ್ಕೆ ಬರ್ಲಾ?" ಮೇಷ್ಟ್ರುಗಳು ಬದಲಾದರು, ಮೇಡಂಗಳು ಬದಲಾದರು, ಕೇಳುವುದು ಬದಲಾಗಲಿಲ್ಲ. ನಿಮ್ಮದೇ ಜಾಗ, ಕೇಳೋದೇನು ಎಂದು ಒಬ್ಬರು ಅಂದದ್ದಕ್ಕೆ ಒಂದು ವಾರ ಆ ಕಡೆ ತಲೆ ಹಾಕಿರಲಿಲ್ಲ. ಒಳಗೆ ಹೋಗಿ ಮಾಡುತ್ತಿದ್ದುದಾದರೂ ಏನು? ಒಡೆದ ನಲ್ಲಿಗೆ ಬಟ್ಟೆ ಸುತ್ತುವುದು, ಮಕ್ಕಳು ಬಿಟ್ಟುಹೋದ ಬಳಪ ಕಿಟಕಿಯ ಮೇಲೆತ್ತಿಡುವುದು. ಕೊನೆಗೆ ಗೇಟು ಎಳೆದು ತಂತಿಯ ಕೊಂಡಿ ಸಿಕ್ಕಿಸಿ ಎರಡು ಸಲ ಜಗ್ಗಿ ನೋಡುವುದು. "ಗೇಟ್ ಹಾಕ್ರಪ್ಪ, ಆಡು ನುಗ್ತವೆ" ಎಂಬುದು ಬಹುಶಃ ಅವನು ಬದುಕಿನಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು. ಮೊಮ್ಮಗಳು ನವ್ಯಶ್ರೀ ಅದನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು.

ಜಂಬಕ್ಕೆ ಕೊಟ್ಟದ್ದು ಯಾವಾಗ ನಿಜವಾದ ಕೊಡುಗೆಯಾಯಿತೋ ಮಾಯಮ್ಮನಿಗೆ ತಿಳಿಯದು. ಅವನಿಗೂ ತಿಳಿದಿರಲಿಕ್ಕಿಲ್ಲ. ಅದನ್ನು ಅವನಿಗೆ ಹೇಳಬೇಕಿತ್ತು ಎಂದು ಈಗ ಅವಳಿಗೆ ಅನ್ನಿಸಿತು.

* * *

ಬಿಸಿಲು ಇಳಿಯುವ ಹೊತ್ತಿಗೆ ಹೆಣ ಹೊರಟಿತು. ಮುಂದೆ ತಮಟೆ, ಅದರ ಹಿಂದೆ ನೀರಿನ ಮಡಕೆ ಹೊತ್ತ ನಟರಾಜು. ಗುಣಿ ಮುಟ್ಟುವ ತನಕ ಆ ಮಡಕೆಯನ್ನು ನೆಲಕ್ಕೆ ಇಳಿಸುವಂತಿಲ್ಲ. ಶಾಲೆಯ ಗೇಟು ಹಾರು ಹೊಡೆದಿತ್ತು. ಒಳಗೆ ಹುಣಸೆಮರದ ನೆರಳಿನಲ್ಲಿ ಹೊಸ ಮಣ್ಣಿನ ಗುಡ್ಡೆ ಕಾಣುತ್ತಿತ್ತು. ಲತಾಮಣಿ ಗೇಟಿನೊಳಗೆ ಒಬ್ಬಳೇ ನಿಂತಿದ್ದಳು.

ಹೊತ್ತವರು ಒಳಕ್ಕೆ ತಿರುಗುವ ಮೊದಲೇ ಹೆಂಗಸರ ಗುಂಪಿನಿಂದ ಮಾಯಮ್ಮ ಮುಂದೆ ಬಂದಳು. ಗೇಟಿನ ಹೊರಗೆ ನಿಂತು ಕೈ ಎತ್ತಿದಳು. ತಮಟೆ ನಿಂತಿತು.

"ಮೇಡಂ," ಎಂದಳು, "ಒಸಿ ಒಳಿಕ್ಕೆ ಬರ್ಲಾ?"

ಲತಾಮಣಿ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. "ಬನ್ನಿ ಮಾಯಮ್ಮನೋರೆ."

"ಇದೇನವ್ವ ಇದು?" ಎಂದ ನಟರಾಜು. "ನಮ್ ಜಾಗಕ್ಕೆ ಯಾರ್ನ ಕೇಳ್ತಾ ಇದ್ದೀಯ?"

"ನಿಮ್ಮಪ್ಪ ದಿನಾ ಯಾರ್ನ ಕೇಳ್ತಿದ್ನೋ ಅವ್ರ್ನೇ."

ತಿಮ್ಮಯ್ಯ ಹಾಗೆ ಅಪ್ಪಣೆ ಕೇಳುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು. ನಟರಾಜು ಸುತ್ತ ನೋಡಿದ. ಜನ ಮಾಯಮ್ಮನನ್ನೇ ನೋಡುತ್ತಿದ್ದರು. ಅವನ ಎರಡು ಕೈಯೂ ಮಡಕೆಯ ಮೇಲಿದ್ದವು.

ಹುಣಸೆಯ ಜಗಳದ ನಂತರ ಮಾಯಮ್ಮ ಮೊದಲ ಸಲ ಆ ಗೇಟು ದಾಟಿದಳು. ಗುಣಿಯ ಅಂಚಿಗೆ ಹೋಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಚಟ್ಟದ ಕಡೆ ತಿರುಗಿದಳು. "ಆಸೆನೂ ನಿಂದೇ, ಮಾತೂ ನಿಂದೇ. ಎರಡೂ ಉಳಿಯಂಗಿಲ್ಲ ಕಣಯ್ಯ. ನಾನು ಮಾತು ಉಳಿಸ್ಕೊತೀನಿ. ಬೈಯೋದಿದ್ರೆ ನಾನು ಅಲ್ಲಿಗೆ ಬಂದಾಗ ಬೈಯಿ." ಮಣ್ಣನ್ನು ಖಾಲಿ ಗುಣಿಗೆ ಹಾಕಿದಳು.

"ತಡಿ, ತಡಿ," ಎನ್ನುತ್ತ ದೊಡ್ಡಮುನಿಯಪ್ಪ ಕೋಲೂರಿಕೊಂಡು ಗೇಟಿನ ತನಕ ಬಂದ. "ತೋಡಿದ ಗುಣಿ ಬರಿದಾಗಿ ಮುಚ್ಚಬಾರ್ದು ಮಾಯಮ್ಮ. ಇನ್ನೊಬ್ಬರನ್ನ ಕೇಳ್ತದೆ."

"ಬರಿದಾಗಿ ಯಾಕ್ ಮುಚ್ಚಬೇಕು ಭಾವ? ಏನಾನ ನೆಡನ."

ಮಕ್ಕಳು ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಬಾಳೆಯ ಗುಂಪಿತ್ತು. ಲತಾಮಣಿ ಅತ್ತ ಕೈ ತೋರಿಸಿದಳು. ದೊಡ್ಡಮುನಿಯಪ್ಪ ಕೊಂಚ ಯೋಚಿಸಿ, "ಬಾಳೆ ಆದ್ರೆ ಆಯ್ತದೆ. ಶಾಸ್ತ್ರದಲ್ಲೇ ಐತೆ," ಎಂದ. ಐತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಗುಣಿ ತೋಡಿದ್ದವರೇ ಅದೇ ಹಾರೆಯಿಂದ ಒಂದು ಬಾಳೆಕಂದು ಕಿತ್ತು ತಂದರು. ಅರ್ಧ ಮಣ್ಣು ಎಳೆದು ಕಂದು ನಿಲ್ಲಿಸಿದರು. ಆಮೇಲೆ ಜನ ಒಬ್ಬೊಬ್ಬರಾಗಿ ಬಂದು, ಹೆಣಕ್ಕೆ ಹಾಕುವಂತೆಯೇ ಒಂದೊಂದು ಹಿಡಿ ಮಣ್ಣು ಹಾಕಿದರು. ಗೇಟಿನಲ್ಲಿ ಕೆಲವರು ತಡೆದು ನಿಂತು, ನಾಚಿಕೊಂಡು, "ಬರ್ಲಾ ಮೇಡಂ?" ಎಂದೂ ಕೇಳಿದರು.

ನಟರಾಜು ಒಳಗೆ ಬರಲಿಲ್ಲ. ಮಡಕೆಯಿಂದ ತುಳುಕಿದ ನೀರು ಅವನ ಹೆಗಲಿನಿಂದ ಎದೆಗೆ ಇಳಿಯುತ್ತಿತ್ತು. ಅವನು ಬಾಳೆಕಂದನ್ನೇ ನೋಡುತ್ತಿದ್ದ, ಅಥವಾ ಅದರಾಚೆಯ ಜಗಲಿಯನ್ನು. ತಟ್ಟೆ ಹಿಡಿದು ಕೂತು ಅವನು ಉಂಡ ಜಗಲಿ ಅದು.

ಹೊಲದ ದಾರಿಯಿಂದ ಲೋಕೇಶ ಕೈ ಬೀಸಿ, ಆಯ್ತು ಎಂದು ತೋರಿಸಿದ. ತಮಟೆ ಮತ್ತೆ ಶುರುವಾಯಿತು. ಚಟ್ಟ ಆ ಕಡೆಗೆ ತಿರುಗಿತು. ಎಲ್ಲರಿಗಿಂತ ಕೊನೆಗೆ ಮಾಯಮ್ಮ ಹೊರಬಂದಳು. ಎಲ್ಲಿಂದಲೋ ಬಂದ ಒಂದು ಆಡು ರಸ್ತೆಯ ಅಂಚಿನಲ್ಲಿ ನಿಂತು ಬಾಳೆಯ ಸುರುಳಿ ಎಲೆಯ ಮೇಲೆ ಕಣ್ಣಿಟ್ಟಿತ್ತು.

"ಗೇಟ್ ಹಾಕವ್ವ," ಎಂದ ನಟರಾಜು. "ಆಡು ನುಗ್ತವೆ."

ಮಾಯಮ್ಮ ಅವನ ಮುಖ ನೋಡಿದಳು. ಅವನು ಆಗಲೇ ಮಡಕೆ ಹೊತ್ತು ಹೊಲದ ಕಡೆ ತಿರುಗಿದ್ದ. ಅವಳು ಗೇಟು ಎಳೆದು ತಂತಿಯ ಕೊಂಡಿ ಸಿಕ್ಕಿಸಿದಳು. ಎರಡು ಸಲ ಜಗ್ಗಿ ನೋಡಿದಳು.