ಗೋಡೆಯಿಂದ ಇಳಿದ ಊರು

ಎಲ್ಲಿಂದ ಶುರುಮಾಡಲಿ? ವಾಸನೆಯಿಂದ ಮಾಡಬಹುದೇ? ನೀರಲ್ಲಿ ನೆನೆಹಾಕಿದ ಮರದ ತೊಗಟೆಯ ಸಣ್ಣ ಹುಳಿವಾಸನೆ, ಅದಕ್ಕೆ ಬೆರೆತ ಬುಡ್ಡಿದೀಪದ ಮಸಿ. ಕೆಲೆರಾಳ ಬಾಲ್ಯವೆಂದರೆ ಅದೇ. ಅಜ್ಜಿ ತೊಗಟೆಯನ್ನು ಬಡಿದು ಬಡಿದು ಬಟ್ಟೆ ಮಾಡುತ್ತಿದ್ದಳು, ಮೇಲೆ ಮಸಿಯಲ್ಲಿ ಅಚ್ಚು ಹಾಕುತ್ತಿದ್ದಳು.

(ವಾಸನೆಯಿಂದ ಶುರುವಾಗುವ ಕಥೆಗಳನ್ನು ನೀವು ಬೇಕಾದಷ್ಟು ಓದಿದ್ದೀರಿ, ಗೊತ್ತು. ಇದೊಂದನ್ನು ಸಹಿಸಿಕೊಳ್ಳಿ.)

೧.

ಫಿಜಿಯ ಉತ್ತರ ಕರಾವಳಿಯ ಆ ಊರೊಳಗೆ ಸಮುದ್ರ ಬಂತು. ಜನ ಗುಡ್ಡದ ಮೇಲಿನ ತಗಡಿನ ಮನೆಗಳಿಗೆ ಹೋದರು. ಮುಳುಗಿದ ಊರನ್ನು ಕೆಲೆರಾ ನೆನಪಿನಿಂದಲೇ ತೊಗಟೆಬಟ್ಟೆಯ ಮೇಲೆ ಬಿಡಿಸಿದಳು. ಗೋಡೆಯಷ್ಟು ದೊಡ್ಡ ನಕ್ಷೆ. ಸೂವಾ ಪಟ್ಟಣದ ಗ್ಯಾಲರಿಯೊಂದರಲ್ಲಿ ಸಂಜೆ ಪ್ರದರ್ಶನ. ಬೆಳಿಗ್ಗೆಯೇ ಹಡಗಿನಲ್ಲಿ ಬಂದಿಳಿದವರು ಇಬ್ಬರು: ಅದೇ ಅಜ್ಜಿ, ಅಪ್ಪನ ತಾಯಿ ಉಲಮಿಲಾ, ಅಂದರೆ ಎಲ್ಲರ ಬೂಬೂ, ಮತ್ತು ಸೋದರಮಾವ ವೈಸೆಯಾ, ಕೆಲೆರಾಳ ಬಾಯಲ್ಲಿ ಮೋಮೋ. ಮೋಮೋ ಊರ ಮುಖ್ಯಸ್ಥರ ಮನೆತನದವನು. ಅವನು ಒಪ್ಪದೆ ಊರನ್ನು ಪರರಿಗೆ ತೋರಿಸುವಂತಿಲ್ಲ.

೨.

ಅವನು ನಕ್ಷೆಯ ಮುಂದೆ ನಿಂತ. ನಿಂತೇ ಇದ್ದ.

ಶಾಲೆಯಲ್ಲಿ ಕಲಿತಂತೆ ಕೆಲೆರಾ ಉತ್ತರವನ್ನು ಮೇಲಿಟ್ಟಿದ್ದಳು. ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೆ ಗುಡ್ಡ. ಗುಡ್ಡದ ಕಡೆಯೇ ಊರಿನ ಮೇಲುತುದಿ, ಮುಖ್ಯಸ್ಥರ ಮನೆ ಇದ್ದದ್ದು ಅಲ್ಲಿ. ಗೋಡೆಯ ಮೇಲೆ ಅದು ಎಲ್ಲಕ್ಕಿಂತ ಕೆಳಗೆ ಬಂದಿತ್ತು, ನೋಡುವವರ ಮೊಣಕಾಲಿನ ಮಟ್ಟಕ್ಕೆ. ಅದು ಅವಳ ತಾಯಿಯ ತವರುಮನೆ ಬೇರೆ.

ಕೆಲೆರಾಳಿಗೆ ಆಗ ಹೊಳೆಯಿತು.

೩. (ಹೊಡೆದುಹಾಕಿದ್ದು)

ಮೋಮೋ ಸಿಟ್ಟಿನಿಂದ ಬಾಗಿಲು ಬಡಿದು ಹೊರಟುಹೋದ.

“ಇದು ನಮ್ಮ ಮಾವ ಅಲ್ಲ,” ಎಂದಳು ಕೆಲೆರಾ, ಕಥೆ ಬರೆಯುತ್ತಿದ್ದ ನನಗೇ ನೇರವಾಗಿ. “ಅವರು ಬಾಗಿಲು ಬಡಿಯೋರಲ್ಲ. ಸಿಟ್ಟು ಬಂದ್ರೆ ಮಾತು ಬಿಡ್ತಾರೆ. ನಮ್ಮ ಚಿಕ್ಕಪ್ಪನ ಹತ್ರ ಮಾತು ಬಿಟ್ಟೋರು, ಚಿಕ್ಕಪ್ಪ ಸಾಯೋ ತನಕ ಆಡ್ಲಿಲ್ಲ. ನಂಗಿರೋ ಭಯ ಅದು. ಅದನ್ನ ಬರೀರಿ.”

ಬರೆದೆ. ನನಗಿದ್ದದ್ದು ಕಥೆಯಲ್ಲೊಂದು ಬಾಗಿಲು ಬಡಿಯಿಸುವ ಆಸೆ, ಅಷ್ಟೆ.

೪.

“ತಿರುಗಿಸಿ ಹಾಕಿದ್ರೆ ಆಗಲ್ವಾ?” ಎಂದಳು ಗ್ಯಾಲರಿಯ ಹೀನಾ.

“ತಿರುಗ್ಸು, ಚರ್ಚಿನ ಗೋಪುರ ತಲೆಕೆಳಗಾಗತ್ತೆ,” ಎಂದಳು ಬೂಬೂ. “ಆಮೇಲೆ ಪಾದ್ರಿಗೆ ನೀನೇ ಉತ್ರ ಕೊಡು.”

(ಇಲ್ಲಿ ಹೀನಾಳನ್ನು ಜಂಬದವಳನ್ನಾಗಿ ಮಾಡಲು ನೋಡಿದೆ, ಕಥೆಗೆ ಖಾರ ಬರುತ್ತಿತ್ತು. ಆದರೆ ಅಷ್ಟರಲ್ಲಿ ಆಕೆ ಮುದುಕಿಗೆಂದು ಎಲ್ಲಿಂದಲೋ ದಿಂಬು ತಂದಳು. ಏನು ಮಾಡಲಿ?)

ಬೂಬೂ ಕೂರಲು ದಿಂಬನ್ನು ನೆಲಕ್ಕೆ ಹಾಕಿಕೊಂಡಳು. “ಊರನ್ನ ಯಾರಾದ್ರೂ ಗೋಡೆಗೆ ನೇತುಹಾಕ್ತಾರಾ? ಇಳ್ಸೇ ಹುಡ್ಗಿ. ನಂಗೆ ನಿಂತು ನೋಡೋಕಾಗಲ್ಲ, ಕಾಲು ನೋವು.”

ಮೊಳೆ ಕಿತ್ತವಳು ಹೀನಾ. ನಕ್ಷೆಯನ್ನು ನೆಲದ ಮೇಲೆ ಹರಡಿದರು. ಮೋಮೋ ಒಂದು ಸುತ್ತು ಬಂದ. ಗುಡ್ಡದ ಕಡೆಗೆ, ತನ್ನ ಮನೆಯ ಹಿಂದೆ, ಚಕ್ಕಳಮಕ್ಕಳ ಹಾಕಿ ಕುಳಿತ. ಬೂಬೂ ಎದುರಿಗೆ, ಸಮುದ್ರದ ಕಡೆ. ಅವಳ ಮನೆ ಇದ್ದದ್ದು ಅಲ್ಲೇ.

ಈಗ ಯಾರೂ ಯಾರ ಕಾಲ ಕೆಳಗೂ ಇರಲಿಲ್ಲ.

ಬೂಬೂ ಚೀಲದಿಂದ ಯಂಗೋನಾ ಬೇರಿನ ಕಟ್ಟೊಂದನ್ನು ತೆಗೆದು ಮೊಮ್ಮಗಳತ್ತ ತಳ್ಳಿದಳು. ಊರಲ್ಲಿ ತಪ್ಪೊಪ್ಪಿಕೊಳ್ಳುವುದು ಅದನ್ನಿಟ್ಟು. ಮುಟ್ಟಿದರೆ ಕ್ಷಮಿಸಿದಂತೆ.

“ಮೋಮೋ,” ಕೆಲೆರಾ ತಲೆ ತಗ್ಗಿಸಿ ಕಟ್ಟನ್ನು ಮುಂದಿಟ್ಟಳು. “ಸ್ಕೂಲಲ್ಲಿ ಕಲಿಸಿದ ಹಾಗೇ ಬಿಡಿಸಿಬಿಟ್ಟೆ. ನಿಮ್ಮನೆ ಎಲ್ಲಿ ಬಂತು ಅಂತ ನೋಡ್ಲೇ ಇಲ್ಲ. ತಪ್ಪಾಯ್ತು.”

ಅವನು ಮುಟ್ಟಲಿಲ್ಲ. (ನಾನೂ ಕಾದೆ. ಇವರ ವಿಷಯದಲ್ಲಿ ನನ್ನದೇನೂ ನಡೆಯುವುದಿಲ್ಲ.) ಆಮೇಲೆ ಕೈ ಚಾಚಿ ಮುಟ್ಟಿದ. ಒಪ್ಪಿದ್ದಕ್ಕೆ ಗುರುತಾಗಿ ಅಂಗೈ ಬೊಗಸೆ ಮಾಡಿ ಚಪ್ಪಾಳೆ ತಟ್ಟಿದ.

“ಸಮುದ್ರಾನ ಊರ ತಲೆ ಮೇಲೆ ಇಟ್ಟಿದ್ಯಲ್ಲೇ,” ಎಂದ. “ಒಂದ್ಸಲ ಬಂದಿದ್ದು ಸಾಲ್ದಾ?”

ಕೆಲೆರಾ ನಕ್ಕಳು. ನಗುತ್ತಲೇ ಮೂಗು ಒರೆಸಿಕೊಂಡಳು.

೫. ಮುಕ್ತಾಯಗಳು

ಅ) ಸಂಜೆ ಬಂದವರೆಲ್ಲ ಚಪ್ಪಲಿ ಬಿಟ್ಟು, ನಕ್ಷೆಯ ಸುತ್ತ ಕುಳಿತರು. (ಚೆನ್ನಾಗಿದೆ. ಹೀಗೇ ಆಯಿತೆಂದು ಆಣೆಯಿಡಲಾರೆ.)

ಆ) ಮೋಮೋ ಕಣ್ಣಲ್ಲಿ ನೀರು. (“ಬೇಡ,” ಎಂದ ಮೋಮೋ. ಸರಿ.)

ಇ) ಮುಗಿಸಬೇಕೆಂದರೆ ಮೊದಲು, ನಕ್ಷೆಯಲ್ಲಿ ಬಿಟ್ಟುಹೋದ ಮರವೊಂದರ ಬಗ್ಗೆ ಮೋಮೋ ಮತ್ತು ಬೂಬೂ ಆಡುತ್ತಿರುವ ಜಗಳ ಮುಗಿಯಬೇಕು:

“ದೀವಿಹಲಸಿನ ಮರ ಇಲ್ಲಿರ್ಲಿಲ್ಲ. ನಮ್ಮನೆ ಹಿತ್ಲಲ್ಲಿತ್ತು.”

“ನಿಮ್ಮನೆ ಹಿತ್ಲಲ್ಲಿ ಹಂದಿ ಇತ್ತು, ವೈಸೆಯಾ. ಹಣ್ಣು ಕದಿಯೋಕೆ ನಮ್ಮ ಹಿತ್ಲಿಗೆ ಬರ್ತಿದ್ದೆ.”

“ಕದ್ದಿದ್ದು ನಾನಲ್ಲ, ನಿನ್ನ ಗಂಡ!”

“ಸ್ವಂತ ಮರದ್ದು ಕದೀತಾನಾ?”

ಮರವನ್ನು ಎಲ್ಲಿ ಬಿಡಿಸಲೆಂದು ಕೆಲೆರಾ ಕುಂಚ ಹಿಡಿದು ಕಾಯುತ್ತಿದ್ದಾಳೆ. ಹಿಂದಿನ ದಿನದಿಂದ ಅವಳು ಏನೂ ತಿಂದಿಲ್ಲ. ಅದನ್ನು ನಾನು ಎಲ್ಲೂ ಬರೆದಿರಲಿಲ್ಲ, ಆದರೂ ಒಬ್ಬರು ಗಮನಿಸಿದ್ದರು. ಮೋಮೋ ವಾದ ನಿಲ್ಲಿಸದೆ, ಅವಳ ಕಡೆ ನೋಡದೆಯೇ, ಊರಿಂದ ತಂದ ಬುಟ್ಟಿಯಿಂದ ಬಾಳೆಲೆಯ ಪೊಟ್ಟಣ ತೆಗೆದ. ಬೇಯಿಸಿದ ಕೆಸುವಿನ ಗೆಡ್ಡೆ, ತೆಂಗಿನ ಹಾಲಿನ ಮೀನು. ಅವಳ ಕೈಯಿಂದ ಕುಂಚ ತೆಗೆದುಕೊಂಡು, ಅದರ ಜಾಗದಲ್ಲಿ ಪೊಟ್ಟಣ ಇಟ್ಟ.