ತಟ್ಟೆಯಲ್ಲಿದ್ದ ವೋಟುಗಳು

"ಹಲೋ! ಕ್ಲೀನಿಂಗ್ ಲೇಡಿ! ಇನ್ನೂ ಎಷ್ಟು ಹೊತ್ತು?"

ಕನ್ನಡ ಸಂಘದ ಅಧ್ಯಕ್ಷ ವೆಂಕಟರಾಮು ರೇಷ್ಮೆ ಪಂಚೆಯನ್ನು ಮೊಣಕಾಲಿಗೆತ್ತಿ, ಮೂಗು ಮುಚ್ಚಿಕೊಂಡು ಕಕ್ಕಸಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ನಿಂಗಮ್ಮ ಹಳದಿ ರಬ್ಬರ್ ಗ್ಲೌಸು ಹಾಕಿಕೊಂಡು ಮೊಣಕೈವರೆಗೆ ಕಮೋಡಿನೊಳಗೆ ಕೈಬಿಟ್ಟಿದ್ದಳು. ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ಆ ಶಾಲೆಯ ಪೈಪುಗಳು ಅವಳಿಗಿಂತ ಹಳೆಯವು. ಯುಗಾದಿ ಹಬ್ಬಕ್ಕೆಂದು ಹಾಲ್ ಬಾಡಿಗೆ ಹಿಡಿದಿದ್ದ ಸಂಘದವರು ಹೋಳಿಗೆ ಊಟ ಮುಗಿಸಿ ಸಾಲಾಗಿ ಬಂದದ್ದೇ ತಡ, ಅವು ಕೈಯೆತ್ತಿಬಿಟ್ಟಿದ್ದವು.

"ಥೂ ಬೋಳಿಮಗಂದು! ತಿನ್ನೋರು ನೀವು, ಬಾಚೋಳು ನಾನು."

ಉಗಿದದ್ದು ಪೈಪಿಗೋ ತನಗೋ ತಿಳಿಯದೆ ವೆಂಕಟರಾಮು ಮೂಗಿನಿಂದ ಕೈ ತೆಗೆದ. "ಅರೆ, ನಮ್ಮೋರಾ? ಯಾವೂರಮ್ಮ?"

"ಕೊಳ್ಳೇಗಾಲದ ಕಡೆಯೋಳು ಸಾಮಿ."

"ಅಲ್ಲಿ... ಯಾರ ಪೈಕಿ?"

"ಕೈ ಎಲ್ಲದೆ ಅಂತ ನೋಡುದ್ರೆ ಗೊತ್ತಾಗಕಿಲ್ವಾ?"

ಗೊತ್ತಾಯಿತು. ಕೈ ಮತ್ತೆ ಮೂಗಿಗೆ ಹೋಯಿತು. ಆ ದಿನ ಹೋಳಿಗೆ ಡಬ್ಬಿಗಟ್ಟಲೆ ಮಿಕ್ಕಿತ್ತು. ಅವಳಿಗೊಂದು ಕೊಡಬೇಕೆಂದು ಯಾರಿಗೂ ತೋಚಲಿಲ್ಲ.

ತಿಂಗಳಾದ ಮೇಲೆ ಅದೇ ವೆಂಕಟರಾಮು ಫೋನು ಮಾಡಿ "ನಿಂಗಮ್ಮನೋರೇ" ಎಂದಾಗ ಅವಳಿಗೆ ನಗು ತಡೆಯಲಿಲ್ಲ. ತಂಗಿಯ ಮೂಲಕ ಅಮೆರಿಕಕ್ಕೆ ಬಂದಿದ್ದ ನಿಂಗಮ್ಮ ಈಗ ಇಲ್ಲಿಯ ಪ್ರಜೆ, ಅವಳಿಗೂ ವೋಟಿದೆ ಎಂಬ ಸುದ್ದಿ ಅವನಿಗೆ ಮುಟ್ಟಿತ್ತು. ಶಾಲೆಗಳ ಪೈಪು, ಸೂರು ರಿಪೇರಿಗೆ ತೆರಿಗೆ ಹಾಕಬಹುದೇ ಎಂದು ಊರಿನವರ ಮತ ಕೇಳಿದ್ದರು.

"ನಮ್ಮ ಮಕ್ಕಳದ್ದೆಲ್ಲ ಕಾಲೇಜೇ ಮುಗೀತು. ಇನ್ಯಾರದೋ ಮಕ್ಕಳ ಕಕ್ಕಸ್ಸಿಗೆ ನಾವ್ಯಾಕಮ್ಮ ಟ್ಯಾಕ್ಸ್ ಕಟ್ಬೇಕು? ಮಂಗಳವಾರ ಸಂಜೆ ನಮ್ಮನೇಲಿ ಸತ್ಯನಾರಾಯಣ ಪೂಜೆ. ವೋಟಿಗೂ ಅವತ್ತು ರಾತ್ರಿ ಎಂಟೇ ಕೊನೆ. ಪೋಸ್ಟಲ್ಲಿ ಬಂದಿರೋ ಬ್ಯಾಲೆಟ್ ತನ್ನಿ. ಎಲ್ಲರೂ 'ಬೇಡ' ಅಂತ ತುಂಬಿ, ದೇವರ ಮುಂದಿಟ್ಟು, ಎಂಟರೊಳಗೆ ಒಟ್ಟಿಗೆ ಹೋಗಿ ಡಬ್ಬಕ್ಕೆ ಹಾಕಿಬರೋಣ."

ಹೊಳೆ ದಾಟಿದ ಮೇಲೆ ಇವರಿಗೆ ಅಂಬಿಗನ ಹಂಗೇನು! ಮಂಗಳವಾರ ನಿಂಗಮ್ಮ ಬ್ಯಾಲೆಟ್ ಹಿಡಿದು ಕೆಲಸದಿಂದ ನೇರ ಅಲ್ಲಿಗೇ ಕಾರು ಬಿಟ್ಟಳು.

ಅವಳಿಗೆ ಕುರ್ಚಿ ಹಾಕಿದ್ದು ಗರಾಜಿನ ಬಾಗಿಲ ಬಳಿ, ಬೂಟುಗಳ ಪಕ್ಕ. ಅಧ್ಯಕ್ಷನ ಹೆಂಡತಿ ತೇಜಸ್ವಿನಿ ಎಲ್ಲ ಹೆಂಗಸರ ಹಣೆಗೂ ಕುಂಕುಮ ಹಚ್ಚುತ್ತ ಬಂದವಳು, ನಿಂಗಮ್ಮನ ಮುಂದೆ ಬಟ್ಟಲನ್ನು ನೆಲದ ಮೇಲಿಟ್ಟಳು. "ನೀವೇ ಇಟ್ಕೊಳಿ ಆಂಟಿ."

ದೇವರ ಮುಂದಿನ ಹಿತ್ತಾಳೆ ತಟ್ಟೆಯಲ್ಲಿ ಮತಪತ್ರದ ಕವರುಗಳು ಪೇರಿಕೊಂಡಿದ್ದವು. ಭಟ್ಟರು ಅವಕ್ಕೂ ಅಕ್ಷತೆ ಹಾಕಿದ್ದರು. ಇನ್ನು ಅವಳದೊಂದೇ ಬಾಕಿ. ವೆಂಕಟರಾಮು ಪೆನ್ನು ಕೊಟ್ಟು ಬಗ್ಗಿ ನೋಡುತ್ತ ಪಕ್ಕದಲ್ಲೇ ನಿಂತ. ನಿಂಗಮ್ಮ ನಿಧಾನಕ್ಕೆ ಒಂದು ಗೂಡನ್ನು ಕಪ್ಪಗೆ ತುಂಬಿದಳು.

"ಅಯ್ಯೋ, ಅದು 'ಹೌದು' ಕಣಮ್ಮ! ತಪ್ಪು ಗೂಡು!"

"ತಪ್ಪಿಲ್ಲ ಸಾಮಿ. ನಮ್ಮಪ್ಪ ಮಲದ ಗುಂಡಿಗಿಳಿದು ಸತ್ತ. ನಾನು ಸಮುದ್ರ ದಾಟಿ ಬಂದೂ ನಿಮ್ಮ ಹೇಲಿಗೇ ಕೈ ಹಾಕ್ತಾವ್ನಿ. ಪೈಪು ಹೊಸಾದು ಬರ್ಲಿ ಅಂದ್ರೆ ನಿಮಗ್ಯಾಕ್ರೀ ತಿಕ ಉರಿ?"

ಅವಳು ಕವರು ಅಂಟಿಸಿ ಸೊಂಟಕ್ಕೆ ಸಿಕ್ಕಿಸಿದಳು. ಚೀಲದಿಂದ ಹಳದಿ ಗ್ಲೌಸು ತೆಗೆದು, ಸೀದಾ ನಡೆದು, ತಟ್ಟೆಯಲ್ಲಿದ್ದ ಕವರುಗಳ ಮೇಲೆ ಹರಡಿಟ್ಟಳು.

"'ಬೇಡ' ಅಂದೋರೆಲ್ಲ ಒಂದೊಂದ್ಸಲ ಹಾಕ್ಕಂಡು ನೋಡಿ. ಮುಂದ್ಲ ಯುಗಾದಿಗೆ ಬೇಕಾಯ್ತದೆ."

ಭಟ್ಟರು ಪಂಚಪಾತ್ರೆ ಬಿಟ್ಟು ಹಿಂದಕ್ಕೆ ಹಾರಿದರು. ಗ್ಲೌಸನ್ನು ಅವಳು ಮಧ್ಯಾಹ್ನವೇ ಸೋಪು ಹಾಕಿ ತೊಳೆದಿದ್ದಳು. ಅದನ್ನು ಹೇಳುವ ಮನಸ್ಸಾಗಲಿಲ್ಲ.

ಬೂಟು ಹಾಕಿಕೊಳ್ಳುವಾಗ ಹಿಂದೆ ಗುಜುಗುಜು ಕೇಳಿಸುತ್ತಿತ್ತು.

"ಏಳೂವರೆ ಆಯ್ತು! ಯಾರಾದ್ರೂ ತೆಗೀರಿ!"

"ನೀವೇ ತೆಗೀರಿ, ನೀವಲ್ವಾ ಅಧ್ಯಕ್ಷರು?"

"ನಾನು ಮಡೀಲಿದೀನ್ರೀ!"

ಕಾರು ಹತ್ತಿದಾಗ ವೆಂಕಟರಾಮು ಬರಿಗಾಲಲ್ಲಿ ಓಡಿಬಂದ. "ಏ ನಿಂಗಮ್ಮ! ಅದನ್ನ ತೆಗೆದಿಟ್ಟು ಹೋಗೇ!"

ನಿಂಗಮ್ಮ ಕಾರನ್ನು ರಿವರ್ಸ್ ತೆಗೆದಳು. ಮತ ಹಾಕುವ ಡಬ್ಬ ಎರಡೇ ಮೈಲಿ ದೂರದಲ್ಲಿತ್ತು.